ಬಾಡಿಗೆ ಕರಾರಿನ ನಮೂನೆ: ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಮೇಲ್ಮಹಡಿ:
ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ತಾಯಿಯವರ ಮನೆಯ ಮೇಲ್ಮಹಡಿಯನ್ನು ತಿಂಗಳಿಗೆ 14,000 ರೂಪಾಯಿಗೆ ಬಾಡಿಗೆ ಕೊಡುವುದೆಂದು ಮಾತಾಗಿದೆ. ಕರಾರು ಪತ್ರವನ್ನು ನಾನೇ ಸಿದ್ಧಪಡಿಸುತ್ತೇನೆಂದು ಒಪ್ಪಿಕೊಂಡು, ಉಚಿತವಾಗಿ ಸಿಗುವ ನಮೂನೆಯೊಂದನ್ನು ಇಳಿಸಿಕೊಂಡೆ. ನೋಡಲು ಅಚ್ಚುಕಟ್ಟಾಗಿಯೇ ಇದೆ. ಆದರೆ ಅದರ ತಲೆಬರಹ ‘ಲೀವ್ ಅಂಡ್ ಲೈಸೆನ್ಸ್’ ಎಂದಿದೆ, ನಮ್ಮ ತಾಯಿಯವರು ಅದರಲ್ಲಿ ‘ಲೈಸೆನ್ಸರ್’ ಆಗಿದ್ದಾರೆ, ಏಳನೆಯ ಷರತ್ತು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ, 1999ನ್ನು ಉಲ್ಲೇಖಿಸುತ್ತದೆ, ವ್ಯಾಜ್ಯವೇನಾದರೂ ಬಂದರೆ ಪುಣೆಯ ನ್ಯಾಯಾಲಯಕ್ಕೆ ಹೋಗಬೇಕಂತೆ. ಊರಿನ ಹೆಸರನ್ನಷ್ಟೇ ಬದಲಿಸಿದರೆ ಸಾಕೇ? ಸಾಲದೆಂದಾದರೆ, ನಂಬಬಹುದಾದ ನಮೂನೆ ಎಲ್ಲಿ ಸಿಗುತ್ತದೆ? ಜೊತೆಗೆ, ಹಿಂದೆ ಬರಲಿದ್ದ ಬಾಡಿಗೆದಾರರಿಗೆಂದು ತೆಗೆಸಿ ಬಳಸದೆ ಉಳಿದ ಇ-ಸ್ಟಾಂಪ್ ಕಾಗದವೊಂದು ಮನೆಯಲ್ಲಿದೆ, ಅದನ್ನು ಉಪಯೋಗಿಸಬಹುದೇ?

ವಕೀಲ_ಹಾಸನ:
ಆ ನಮೂನೆಯನ್ನು ಬಿಟ್ಟುಬಿಡಿ. ‘ಲೀವ್ ಅಂಡ್ ಲೈಸೆನ್ಸ್’, ಅಂದರೆ ಗುತ್ತಿಗೆಯ ಹಕ್ಕು ಕೊಡದೆ ಮನೆ ಬಳಸಲು ಅನುಮತಿಯನ್ನಷ್ಟೇ ಕೊಡುವ ಕರಾರು, ಮುಂಬೈ, ಪುಣೆಗಳ ರೂಢಿ. ಅಲ್ಲಿನ ಅಧಿನಿಯಮದ 55ನೇ ಪ್ರಕರಣದಂತೆ ಅಂಥ ಕರಾರನ್ನು ಬರವಣಿಗೆಯಲ್ಲಿ ಮಾಡಿ ನೋಂದಾಯಿಸಲೇಬೇಕು, ಆದ್ದರಿಂದ ನಮೂನೆಯ ಷರತ್ತುಗಳೆಲ್ಲ ಆ ಲೆಕ್ಕದಲ್ಲೇ ಹೆಣೆದುಕೊಂಡಿರುತ್ತವೆ. ಊರಿನ ಹೆಸರನ್ನು ಅಳಿಸಿದ ಮಾತ್ರಕ್ಕೆ ಆ ಹೆಣಿಗೆ ಬಿಚ್ಚಿಕೊಳ್ಳುವುದಿಲ್ಲ.

ನಮ್ಮಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇದೆಯಾದರೂ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಮನೆಗೆ ಆಧಾರ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ. ಅದರ 106ನೇ ಪ್ರಕರಣವು ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸ್ ಸಾಕೆನ್ನುತ್ತದೆ, ಆದರೆ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮಾತ್ರ. ಅಂದರೆ ನಿಮ್ಮ ಪತ್ರದಲ್ಲಿ ಎರಡು ತಿಂಗಳು ಎಂದು ಬರೆದರೆ ಎರಡು ತಿಂಗಳೇ ನಿಲ್ಲುತ್ತದೆ. ಯಾರೋ ಬರೆದಿಟ್ಟ ನೋಟಿಸಿನ ಷರತ್ತನ್ನು ಓದದೆ ಸಹಿ ಹಾಕಬಾರದೆಂದು ನಾನು ಹೇಳುವುದು ಇದಕ್ಕೇ.

ಹಳೇ ಗುಮಾಸ್ತ:
ನಮೂನೆಗೆ ಮೊದಲು ನಮ್ಮ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಾಲತಾಣವನ್ನು ನೋಡಿ. ಅಲ್ಲಿ ಮಾದರಿ ಪತ್ರಗಳನ್ನು ಇಟ್ಟಿದ್ದಾರೆ. ಭಾಷೆ ಸ್ವಲ್ಪ ಒಣಕಲು, ಆದರೆ ಪಾಯ ಗಟ್ಟಿ. ಖಾಸಗಿ ತಾಣದ ನಮೂನೆಯನ್ನೇ ಬಳಸುವುದಾದರೆ, ಅದರಲ್ಲಿ ಹೆಸರಿಸಿದ ಕಾನೂನು, ಅದರ ವರ್ಷ ಮತ್ತು ಪ್ರಕರಣದ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿಯೋ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿಯೋ ತೆರೆದು ತಾಳೆ ನೋಡಿ. ಹತ್ತು ನಿಮಿಷದ ಕೆಲಸ. ಯಾವ ಕಾನೂನಿನ ಹೆಸರನ್ನೂ ಹೇಳದೆ ‘ಪ್ರಚಲಿತ ಕಾನೂನಿನನ್ವಯ’ ಎಂದು ತೇಲಿಸಿಬಿಡುವ ನಮೂನೆಗಳ ಮೇಲೆ ನನಗಂತೂ ವಿಶ್ವಾಸವಿಲ್ಲ.

ಇ-ಸ್ಟಾಂಪಿನ ವಿಷಯಕ್ಕೆ ಬರುತ್ತೇನೆ. ಛಾಪಾ ಕಾಗದ ಆರು ತಿಂಗಳಿಗೆ ಸಾಯುತ್ತದೆಂಬುದು ಬರೀ ನಂಬಿಕೆ. ಆ ಆರು ತಿಂಗಳು ಬಳಸದ ಕಾಗದವನ್ನು ಹಿಂದಿರುಗಿಸಿ ಹಣ ಪಡೆಯಲು ಇರುವ ಗಡುವು ಮಾತ್ರವೆಂದು ಸರ್ವೋಚ್ಚ ನ್ಯಾಯಾಲಯವೇ 2008ರಲ್ಲಿ ಹೇಳಿದೆ. ಆದರೆ ನಿಮ್ಮ ಕಾಗದದ ತೊಂದರೆ ಬೇರೆ. ಐಎನ್-ಕೆಎ ಎಂದು ಶುರುವಾಗುವ ಪ್ರಮಾಣಪತ್ರ ಸಂಖ್ಯೆಯ ಕೆಳಗೆ ಮೊದಲ ಮತ್ತು ಎರಡನೆಯ ಪಕ್ಷದವರ ಹೆಸರುಗಳು ಅಚ್ಚಾಗಿರುತ್ತವೆ. ಹಳೆಯ ಬಾಡಿಗೆದಾರರ ಹೆಸರಿರುವ ಕಾಗದದಲ್ಲಿ ಹೊಸಬರ ಕರಾರನ್ನು ಬರೆಯಬೇಡಿ, ಹೊಸದಾಗಿ ತೆಗೆಸಿ. ಎಲ್ಲರೂ 100 ರೂಪಾಯಿಯದೇ ತೆಗೆಸುತ್ತಾರೆಂದು ಅಷ್ಟಕ್ಕೇ ನಿಲ್ಲಿಸದೆ, ಬಾಡಿಗೆಯನ್ನೂ ಮುಂಗಡವನ್ನೂ ತೋರಿಸಿ ಸುಂಕದ ಲೆಕ್ಕ ಹಾಕಿಸಿ. ಸುಂಕ ಕಡಿಮೆಯಾದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಕರ್ನಾಟಕ ಸ್ಟಾಂಪ್ ಅಧಿನಿಯಮ, 1957ರ 34ನೇ ಪ್ರಕರಣದಂತೆ ಕೊರತೆಯ ಹತ್ತು ಪಟ್ಟು ದಂಡ ಬೀಳುತ್ತದೆ.

ಬಾಡಿಗೆ_ಮನೆ:
ಬಾಡಿಗೆದಾರಳ ಕಡೆಯಿಂದ ಒಂದು ಮಾತು. ನಾನು ಹಿಂದೆ ಸಹಿ ಹಾಕಿದ ನಮೂನೆಯಲ್ಲಿ ಮುಂಗಡ ಎಷ್ಟೆಂದು ಇತ್ತು, ಎಂದು ವಾಪಸು ಎಂಬುದು ಇರಲಿಲ್ಲ. ಮನೆ ಖಾಲಿ ಮಾಡಿದಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡರು, ಉಳಿದದ್ದು ಕೈಗೆ ಬರುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಇಂಥ ಸ್ಥಳೀಯ ಪದ್ಧತಿಗಳು ಹೊರ ರಾಜ್ಯದ ನಮೂನೆಯಲ್ಲಿ ಇರುವುದಿಲ್ಲ. ಬಣ್ಣದ ಖರ್ಚು ಯಾರದು, ಮುಂಗಡ ಬೀಗದ ಕೈ ಒಪ್ಪಿಸಿದ ದಿನವೇ ಸಿಗುತ್ತದೆಯೇ, ಎಷ್ಟು ಫ್ಯಾನು, ಗೀಸರು ಕೊಟ್ಟಿದ್ದೀರಿ, ಕರೆಂಟಿನ ಮೀಟರು ಆ ದಿನ ಎಷ್ಟು ತೋರಿಸುತ್ತಿತ್ತು ಎಂಬುದನ್ನು ನೀವೇ ಬರೆದು ಸೇರಿಸಿ.

ಮೇಲ್ಮಹಡಿ:
ಎಲ್ಲರಿಗೂ ಧನ್ಯವಾದಗಳು. ಇಲಾಖೆಯ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಿದ್ದೇನೆ. ಬಾಡಿಗೆದಾರರು ಎರಡು ವರ್ಷಕ್ಕೆ ಒಟ್ಟಿಗೆ ಮಾಡಿ, ನೋಟರಿ ಹಾಕಿಸಿದರಾಯಿತು ಎನ್ನುತ್ತಿದ್ದಾರೆ. ಅದು ಸರಿಯೇ?

ವಕೀಲ_ಹಾಸನ:
ನೋಟರಿಯ ಮೊಹರು ನೋಂದಣಿಗೆ ಸಮವಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಅಧಿನಿಯಮದ 17ನೇ ಪ್ರಕರಣದಂತೆ ನೋಂದಾಯಿಸಲೇಬೇಕು. ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುವುದರ ಗುಟ್ಟು ಅದೇ. ಎರಡು ವರ್ಷ ಬೇಕೆಂದರೆ ಇಬ್ಬರೂ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿಬನ್ನಿ, ಬೇಡವೆಂದರೆ ಹನ್ನೊಂದು ತಿಂಗಳಿಗೆ ಮಾಡಿ ಅವಧಿ ಮುಗಿದಾಗ ಹೊಸ ಪತ್ರ ಬರೆಯಿರಿ.