11 ವರ್ಷ ಜಾವಾ ಬರೆದ ಮೇಲೆ ಮತ್ತೆ ಒಂದನೇ ತರಗತಿ: ನಿಮಗೂ ಹೀಗಾಗಿತ್ತೇ?

ವಿಜಯನಗರದಿಂದ ಪ್ರಶ್ನೆ

11 ವರ್ಷ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆದು ಅನ್ನ ಉಂಡವನು ನಾನು. ಮೂರು ತಿಂಗಳ ಹಿಂದೆ ವೈಟ್‌ಫೀಲ್ಡ್‌ನ ಹೊಸ ತಂಡಕ್ಕೆ ಸೇರಿದೆ. ಇಲ್ಲಿ ಎಲ್ಲವೂ ಸ್ಕಾಲಾ ಭಾಷೆ, ಅದೂ ಮಡಿವಂತ ಫಂಕ್ಷನಲ್ ಶೈಲಿ. ಒಮ್ಮೆ ಇಟ್ಟ ಬೆಲೆಯನ್ನು ಬದಲಿಸುವಂತಿಲ್ಲ, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಬರೆದರೆ ಹುಬ್ಬೇರಿಸುತ್ತಾರೆ. ಓದುವಾಗ ಎಲ್ಲ ತಿಳಿದಂತೆಯೇ ಇರುತ್ತದೆ. ಖಾಲಿ ಪರದೆಯ ಮುಂದೆ ಕುಳಿತರೆ ಕೈ ತಾನಾಗಿ ಜಾವಾ ಬರೆಯುತ್ತದೆ. ಪಕ್ಕದಲ್ಲಿ ಕೂರುವ ಹುಡುಗಿ ಬಿ.ಕಾಂ. ಓದಿ ಬಂದವಳು. ಅವಳಿಗೆ ಎರಡೇ ವಾರದಲ್ಲಿ ಇದೆಲ್ಲ ಹತ್ತಿತು. ನನ್ನ ತಲೆಗೆ ವಯಸ್ಸಾಯಿತೇ?

ಇನ್ನೊಂದು ಕಷ್ಟವಿದೆ. ತಂಡದ ನಾಲ್ವರ ವಾರ್ಷಿಕ ಮೌಲ್ಯಮಾಪನವನ್ನು ನಾನೇ ಬರೆಯಬೇಕು. ಒಬ್ಬ ಬಹಳ ವೇಗವಾಗಿ ಕೋಡ್ ಬರೆಯುತ್ತಾನೆ. ಅವನ ಬಗ್ಗೆ ಬರೆಯುವುದು ಸುಲಭ. ಟೆಸ್ಟಿಂಗ್ ನೋಡಿಕೊಳ್ಳುವ ಒಬ್ಬರಿದ್ದಾರೆ. ಅವರು ಬರೆದ ಕೋಡ್ ಸಾಲುಗಳು ಬೆರಳೆಣಿಕೆಯಷ್ಟು, ಆದರೆ ಅವರು ರಜೆ ಹಾಕಿದ ವಾರ ಇಡೀ ತಂಡ ತಡವರಿಸುತ್ತದೆ. ಇದನ್ನು ಯಾವ ಕಾಲಂನಲ್ಲಿ ತುಂಬಲಿ? ಅನುಭವವಿದ್ದವರು ಹೇಳಿ.

ಹಳೆಯ ಕೈ, ಬಸವನಗುಡಿ

ತಲೆಗೇನೂ ಆಗಿಲ್ಲ ಸ್ವಾಮಿ, ಕೈಗೆ ರೂಢಿಯಾಗಿದೆ, ಅಷ್ಟೇ. ನಾನು ಸಿ ಭಾಷೆಯಲ್ಲಿ 20 ವರ್ಷ ಕಳೆದು ರಸ್ಟ್ ಕಲಿಯಲು ಹೋದವನು. ಅಲ್ಲಿ ಒಂದು ಬೆಲೆಗೆ ಒಬ್ಬನೇ ಒಡೆಯ. ಇನ್ನೊಂದು ಕಡೆಗೆ ಕೊಟ್ಟ ಮೇಲೆ ಅದು ನಿಮ್ಮದಲ್ಲ, ಮುಟ್ಟಿದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪುವುದಿಲ್ಲ. ನನಗೋ ಒಂದೇ ಜಾಗಕ್ಕೆ ನಾಲ್ಕು ಪಾಯಿಂಟರ್ (ಜಾಗದ ವಿಳಾಸದ ಚೀಟಿ) ಇಟ್ಟುಕೊಂಡು ಓಡಾಡಿದ ಅಭ್ಯಾಸ. ಮೊದಲ ಎರಡು ತಿಂಗಳು ಕಂಪೈಲರ್‌ನೊಂದಿಗೆ ಸೊಸೆ ಅತ್ತೆಯರ ಹಾಗೆ ಜಗಳವಾಡಿದೆ.

ನಾನು ಮಾಡಿದ ತಪ್ಪೆಂದರೆ, ಹೊಸ ಭಾಷೆಯನ್ನೂ ಹೊಸ ಸಮಸ್ಯೆಯನ್ನೂ ಒಟ್ಟಿಗೆ ಹಿಡಿದದ್ದು. ಕಣ್ಣು ಮುಚ್ಚಿ ಬರೆಯಬಲ್ಲ ಹಳೆಯ ಪುಟ್ಟ ಪ್ರೋಗ್ರಾಂ ಒಂದನ್ನು ತೆಗೆದುಕೊಳ್ಳಿ, ಅದನ್ನೇ ಹೊಸ ರೀತಿಯಲ್ಲಿ ಬರೆಯಿರಿ. ಇಟ್ಟ ಬೆಲೆಯನ್ನು ಬದಲಿಸಲು ಬಿಡುವ ಸ್ಕಾಲಾದ ‘ವಾರ್’ ಪದವನ್ನು ಒಂದು ತಿಂಗಳು ಮುಟ್ಟದೆ ಪಥ್ಯ ಮಾಡಿ. ಇನ್ನು ನೀವು ವಿಜಯನಗರದಿಂದ ಕಾಡುಗೋಡಿಯವರೆಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗುವವರಾದರೆ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಸಮಯ ಸಿಗುತ್ತದೆ. ತಂಡದ ಒಳ್ಳೆಯ ಕೋಡನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಓದಿ. ಪರದೆಯ ಮೇಲಾದರೆ ಬೆರಳು ಸುಮ್ಮನಿರದು.

ಲೆಕ್ಕದಾಕೆ, ಜಯನಗರ

ನಾನೂ ಬಿ.ಕಾಂ. ಓದಿದವಳು. ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ 4 ವರ್ಷ ಎಕ್ಸೆಲ್ ಹಾಳೆಗಳ ನಡುವೆ ಕಳೆದು ಆಮೇಲೆ ಈ ಕಡೆಗೆ ಬಂದೆ. ನಿಮ್ಮ ಪಕ್ಕದ ಹುಡುಗಿಗೆ ಎರಡು ವಾರ ಸಾಕಾದದ್ದರಲ್ಲಿ ನನಗೆ ಏನೂ ಆಶ್ಚರ್ಯವಿಲ್ಲ. ಅದರ ಹಿಂದೆ ಅವಳ ಮೂರು ವರ್ಷದ ಕಾಲೇಜು ಇದೆ.

ಎಕ್ಸೆಲ್‌ನ ಬಿ5 ಚೌಕದಲ್ಲಿ ‘ಬಿ5 + 1’ ಎಂಬ ಸೂತ್ರ ಬರೆದು ನೋಡಿ. ಸೂತ್ರ ತನ್ನನ್ನೇ ಸುತ್ತುತ್ತಿದೆ ಎಂದು ಅದು ಎಚ್ಚರಿಸುತ್ತದೆ. ಹಾಗಾಗಿ, ಎಕ್ಸ್ ಬೆಲೆಗೆ ಒಂದು ಸೇರಿಸು ಎಂದು ಹೇಳುವ ‘ಎಕ್ಸ್ = ಎಕ್ಸ್ + 1’ ಎಂಬ ಸಾಲು ಮೊದಲ ಬಾರಿ ಕಣ್ಣಿಗೆ ಬಿದ್ದಾಗ ಅದು ಅಚ್ಚಿನ ತಪ್ಪೆಂದೇ ನಾನು ತಿಳಿದಿದ್ದೆ. ಲೂಪ್ ಅರ್ಥವಾಗಲು ನನಗೆ ಒಂದು ತಿಂಗಳು ಹಿಡಿಯಿತು. ನನ್ನ ಜೊತೆಗಿದ್ದ ಎಂಜಿನಿಯರಿಂಗ್ ಹುಡುಗರು ಆಗ ನಕ್ಕಿದ್ದರು. ಈಗ ನಿಮ್ಮ ಸರದಿ, ಬೇಸರಿಸಬೇಡಿ!

‘ಫೋಲ್ಡ್’ ನಿಮಗೆ ಒಗಟಾಗಿದ್ದರೆ ನಗದು ಪುಸ್ತಕವನ್ನು ನೆನೆಯಿರಿ. ಆರಂಭಿಕ ಶಿಲ್ಕು ಇದೆ, ಕೆಳಗೆ ನಮೂದುಗಳಿವೆ, ಹಿಂದಿನ ಶಿಲ್ಕಿಗೆ ಮುಂದಿನ ನಮೂದನ್ನು ಸೇರಿಸುವ ಒಂದು ವಿಧಾನವಿದೆ. ಈ ಮೂರನ್ನು ಕೊಟ್ಟರೆ ‘ಫೋಲ್ಡ್‌ಲೆಫ್ಟ್’ ಅಂತಿಮ ಶಿಲ್ಕನ್ನು ಕೈಗಿಡುತ್ತದೆ. ಪ್ರತಿ ಸಾಲಿನ ಶಿಲ್ಕೂ ಬೇಕೆಂದರೆ ‘ಸ್ಕ್ಯಾನ್‌ಲೆಫ್ಟ್’. 30 ನಮೂದು ಕೊಟ್ಟರೆ ಅದು 31 ಬೆಲೆಗಳನ್ನು ಕೊಡುತ್ತದೆ. ನಮ್ಮ ತಂಡದ ಘಟಾನುಘಟಿಯೊಬ್ಬರು ಈ ಹೆಚ್ಚುವರಿ ಒಂದು ಎಲ್ಲಿಂದ ಬಂತೆಂದು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದರು. ಆರಂಭಿಕ ಶಿಲ್ಕಿಗೂ ಒಂದು ಸಾಲು ಬೇಡವೇ? ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ. ಒಮ್ಮೆ ಬರೆದ ನಮೂದನ್ನು ತಿದ್ದಬಾರದು, ತಪ್ಪಾದರೆ ಸರಿಪಡಿಸುವ ಹೊಸ ನಮೂದು ಹಾಕಬೇಕು ಎಂಬುದೂ ನಮಗೆ ಮೊದಲ ವರ್ಷದಲ್ಲೇ ಬಂದ ಪಾಠ.

‘ಆಪ್ಷನ್’ ಕೂಡ ಹಾಗೆಯೇ. ಒಬ್ಬನಿಗೆ 60 ಅಂಕ, ಇನ್ನೊಬ್ಬನಿಗೆ 40, ಮೂರನೆಯವನು ಗೈರು. ಗೈರನ್ನು ಖಾಲಿ ಬಿಟ್ಟರೆ ಎಕ್ಸೆಲ್ ಸರಾಸರಿ 50 ಎನ್ನುತ್ತದೆ. ಸೊನ್ನೆ ಹಾಕಿದರೆ 33 ಚಿಲ್ಲರೆಗೆ ಇಳಿಯುತ್ತದೆ. ಖಾಲಿ ಬೇರೆ, ಸೊನ್ನೆ ಬೇರೆ. ಆ ‘ಇಲ್ಲ’ ಎಂಬುದನ್ನು ಬಚ್ಚಿಡದೆ ಬೆಲೆಯ ವಿಧದಲ್ಲೇ ಹೇಳಿಬಿಡುವುದು ಆಪ್ಷನ್‌ನ ಕೆಲಸ. ಜಾವಾದಲ್ಲಿ ನಿಮ್ಮನ್ನು ಕಾಡಿದ ‘ನಲ್’ (ಬೆಲೆಯೇ ಇಲ್ಲ ಎಂಬ ಗುರುತು) ಕಲ್ಪನೆಯನ್ನು 1965ರಲ್ಲಿ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಕರೆದುಕೊಂಡರು.

ಟೋಕನ್, ಗಾಂಧಿ ಬಜಾರ್

ಚುಟುಕಾಗಿ ನನ್ನದು. ಇನ್ನೂ ಬರಬೇಕಾದ ಉತ್ತರಕ್ಕೆ ಸ್ಕಾಲಾ ಕೊಡುವ ‘ಫ್ಯೂಚರ್’ ಅಂದರೆ ದರ್ಶಿನಿಯ ಟೋಕನ್. ದುಡ್ಡು ಕೊಟ್ಟ ತಕ್ಷಣ ಸಿಗುವುದು ಮಸಾಲೆ ದೋಸೆಯಲ್ಲ, ದೋಸೆ ಬರುತ್ತದೆಂಬ ಚೀಟಿ. ಅದನ್ನು ಹಿಡಿದುಕೊಂಡು ಕಾಫಿಗೆ ಹೋಗಬಹುದು. ‘ಮೊನಾಡ್’ (ಆಪ್ಷನ್ ತರಹದ ಹೊದಿಕೆಯೊಳಗಿನ ಬೆಲೆಗಳ ಕೆಲಸಗಳನ್ನು ಸರಪಳಿಯಾಗಿ ಜೋಡಿಸುವ ಕಲ್ಪನೆ) ಎಂದರೆ ಒಬ್ಬಟ್ಟು: ಹೊರಗೆ ಕಣಕ, ಒಳಗೆ ಹೂರಣ. ಇದಕ್ಕಿಂತ ಹೆಚ್ಚು ತಿಳಿಯುವುದೇನಿದೆ?

ಪಾಠ ಹೇಳುವವಳು, ರಾಜಾಜಿನಗರ

ಟೋಕನ್ ಚೆನ್ನಾಗಿದೆ. ಒಬ್ಬಟ್ಟನ್ನು ನಾನು ಒಪ್ಪುವುದಿಲ್ಲ. ಇದೇ ಮೊನಾಡನ್ನು ಮೆಕ್ಸಿಕೋದ ಬುರಿಟೊ ತಿಂಡಿಗೆ ಹೋಲಿಸುವ ತಮಾಷೆಯೊಂದಿದೆ. ಬ್ರೆಂಟ್ ಯೋರ್ಗಿ ಎಂಬ ಕಂಪ್ಯೂಟರ್ ವಿಜ್ಞಾನಿ 2009ರಲ್ಲಿ ಬರೆದದ್ದು ಇದನ್ನೇ: ವಾರಗಟ್ಟಲೆ ಹೆಣಗಿದವನಿಗೆ ಒಂದು ದಿನ ಥಟ್ಟನೆ ಹೊಳೆಯುತ್ತದೆ, ಆ ಗಳಿಗೆಯಲ್ಲಿ ಮನಸ್ಸಿಗೆ ಬಂದ ಹೋಲಿಕೆಯೇ ತನಗೆ ಅರ್ಥ ಮಾಡಿಸಿತೆಂದು ಅವನು ನಂಬಿಬಿಡುತ್ತಾನೆ. ನಿಜವಾಗಿ ಅರ್ಥ ಮಾಡಿಸಿದ್ದು ಹಿಂದಿನ ಹೆಣಗಾಟ. ಹೋಲಿಕೆಯನ್ನಷ್ಟೇ ಪಡೆದವನಿಗೆ ಸಿಗುವುದು ಬರೀ ತಿಂಡಿಯ ನೆನಪು. ಲೆಕ್ಕದಾಕೆಯವರ ನಗದು ಪುಸ್ತಕ ಕೆಲಸ ಮಾಡುವುದಕ್ಕೆ ಕಾರಣ, ಅವರು ಅದನ್ನು ನಾಲ್ಕು ವರ್ಷ ಬರೆದಿದ್ದಾರೆ.

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ರಿಕರ್ಶನ್ (ಒಂದು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಪಾಠ ಮಾಡುತ್ತೇನೆ. ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಒಂದೊಂದಾಗಿ ಸಾಗಿಸುವ ಹನೋಯಿ ಗೋಪುರದ ಆಟವನ್ನು ಮೊದಲು ಕೈಯಲ್ಲೇ ಆಡಿಸುತ್ತೇನೆ. 3 ಬಿಲ್ಲೆಗೆ 7 ನಡೆ, 10 ಬಿಲ್ಲೆಗೆ 1023. ಆಮೇಲೆ ಪ್ರತಿಯೊಂದು ಕರೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಒಂದರ ಮೇಲೊಂದು ಪೇರಿಸಬೇಕು. ಮೇಲಿನ ಚೀಟಿ ಮುಗಿಯದೆ ಕೆಳಗಿನದಕ್ಕೆ ಕೈ ಹಾಕುವಂತಿಲ್ಲ. ಇನ್ನೊಂದು ಕಟ್ಟಳೆಯಿದೆ: ಪ್ರೋಗ್ರಾಂ ಓಡಿಸುವ ಮೊದಲು ಉತ್ತರ ಏನು ಬರುತ್ತದೆಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಬರೆದದ್ದು ತಪ್ಪಾದ ಕಡೆ ಮಾತ್ರ ನಾನು ಅವರ ಪಕ್ಕ ಕೂರುತ್ತೇನೆ. ನೀವೂ ಹೀಗೆ ಮಾಡಿ. ನಿಮ್ಮ ತಪ್ಪುಗಳೆಲ್ಲ ಒಂದೇ ಜಾತಿಯವಾಗಿರುತ್ತವೆ ಎಂಬುದು ನನ್ನ ಊಹೆ.

ಪ್ರತಿಭೆಯ ವಿಚಾರ. 2006ರಲ್ಲಿ ಬ್ರಿಟನ್ನಿನ ದೆಹ್ನಾದಿ ಮತ್ತು ಬೋರ್ನಾಟ್ ಎಂಬಿಬ್ಬರು ಒಂದು ಪರೀಕ್ಷೆಯ ಬಗ್ಗೆ ಬರೆದರು. ಎ 10, ಬಿ 20; ‘ಎ = ಬಿ’ ಎಂದ ಮೇಲೆ ಎರಡರ ಬೆಲೆ ಎಷ್ಟು? ಪ್ರೋಗ್ರಾಮಿಂಗ್ ಕಲಿಯುವ ಮೊದಲೇ ಇಂಥ ಪ್ರಶ್ನೆಗಳನ್ನು ಕೇಳಿ, ಯಾರಿಗೆ ಇದು ಒಲಿಯುತ್ತದೆ, ಯಾರಿಗೆ ಇಲ್ಲ ಎಂದು ವಿಂಗಡಿಸಬಹುದು ಎಂಬುದು ಅವರ ವಾದ. ಆ ಬರಹ ಎಲ್ಲೆಡೆ ಹರಡಿತು. ನಮ್ಮ ಸ್ಟಾಫ್ ರೂಮಿನಲ್ಲೂ ಅದನ್ನು ಹಿಡಿದು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದವರಿದ್ದರು. 2014ರಲ್ಲಿ ಬೋರ್ನಾಟ್ ಅವರೇ ಆ ಬರಹವನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಂಡದ್ದು ಮಾತ್ರ ಅಷ್ಟಾಗಿ ಹರಡಲಿಲ್ಲ. ಈಗಲೂ ಹಳೆಯದನ್ನೇ ಹೇಳುವವರು ಸಿಗುತ್ತಾರೆ.

ದೋಷ ಹುಡುಕುವಾಕೆ, ಮಲ್ಲೇಶ್ವರ

ನಿಮ್ಮ ಎರಡನೆಯ ಪ್ರಶ್ನೆಗಾಗಿಯೇ ಬರೆಯುತ್ತಿದ್ದೇನೆ. 14 ವರ್ಷದಿಂದ ಟೆಸ್ಟಿಂಗ್ ನನ್ನ ಕೆಲಸ.

ಹಿಂದಿನ ಕಂಪನಿಯಲ್ಲಿ ಒಂದು ಆ್ಯಪ್ ಕನ್ನಡಕ್ಕೆ ಬರುತ್ತಿತ್ತು. ಬಳಕೆದಾರರ ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸಬೇಕು. ತಂಡದ ಅತಿ ಚುರುಕಿನ ಹುಡುಗ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದ. ಇಂಗ್ಲಿಷ್ ಹೆಸರುಗಳಲ್ಲಿ ಎಲ್ಲವೂ ಸರಿ. ನಾನು ‘ಶ್ರೀನಿವಾಸ’ ಎಂದು ಹಾಕಿದೆ. ವೃತ್ತದಲ್ಲಿ ಬರಿಯ ‘ಶ’ ಬಂತು. ನಾವು ಒಂದೇ ಎಂದು ಓದುವ ‘ಶ್ರೀ’, ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ನಾಲ್ಕು ತುಣುಕು: ಶ, ವಿರಾಮ (ಅರ್ಧಾಕ್ಷರದ ಚಿಹ್ನೆ), ರ, ದೀರ್ಘದ ಈ ಚಿಹ್ನೆ. ‘ಬೆಂಗಳೂರು’ ನಮ್ಮ ಕಣ್ಣಿಗೆ 4 ಅಕ್ಷರ. ಜಾವಾ, ಪೈಥಾನ್ ಎಣಿಸಿದರೆ 8. ಯುಟಿಎಫ್-8 ಎಂಬ ಉಳಿಸುವ ಪದ್ಧತಿಯಲ್ಲಿ ಇಟ್ಟರೆ ಒಂದೊಂದಕ್ಕೆ 3 ಬೈಟ್‌ನಂತೆ 24. ಹೆಸರು ಇಷ್ಟೇ ಉದ್ದವಿರಬೇಕು ಎಂದು ಮಿತಿ ಹಾಕುವವರು ಇವುಗಳಲ್ಲಿ ಯಾವುದನ್ನು ಎಣಿಸುತ್ತಿದ್ದಾರೆ? ಅದೇ ಪದವನ್ನು ತಿರುಗುಮುರುಗು ಮಾಡಿದರೆ ಮೊದಲಿಗೇ ಒಂದು ಉಕಾರದ ಕೊಂಬು ಆಧಾರವಿಲ್ಲದೆ ನೇತಾಡುತ್ತದೆ. ನೋಡಿ ನಗು ಬರುತ್ತದೆ, ಆದರೆ ಬಳಕೆದಾರ ತನ್ನ ಹೆಸರು ಮುರಿದು ಬಿದ್ದದ್ದನ್ನು ನೋಡಿ ನಗುವುದಿಲ್ಲ.

ಆ ವರ್ಷ ಇಂಥವು ಹಲವು ಸಿಕ್ಕವು. ಮೌಲ್ಯಮಾಪನದಲ್ಲಿ ನನಗೆ ಬಂದ ಮಾತು: ‘ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ, ತಾಂತ್ರಿಕ ಆಳ ಸಾಲದು.’ ಹುಡುಗನಿಗೆ ಬಡ್ತಿ. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಡುಗ. ಯುನಿಕೋಡ್ ಬಗ್ಗೆ ನನ್ನ ಹತ್ತಿರವೇ ಕೂತು ಕಲಿತ. ಸಿಟ್ಟು ಇರುವುದು ‘ಶ್ರದ್ಧೆ’ ಎಂಬ ಪದದ ಮೇಲೆ. ಏನು ಮಾಡಿದರೆಂದು ಗಮನಿಸದವರು ಬಳಸುವ ಪದ ಅದು. ಹೆಂಗಸರ ಮೌಲ್ಯಮಾಪನದಲ್ಲಿ ಹೆಚ್ಚಾಗಿಯೇ ಕಾಣುತ್ತೇನೆ, ಇದು ನನ್ನ ಅನುಭವದ ಮಾತು.

ನೀವು ಹಾಗೆ ಬರೆಯಬೇಡಿ. ಅವರು ರಜೆ ಹಾಕಿದ ವಾರ ತಂಡ ತಡವರಿಸಿತು ಎಂದಿರಲ್ಲ, ನಿಖರವಾಗಿ ಎಲ್ಲಿ ತಡವರಿಸಿತು ನೋಡಿ. ಯಾವ ದೋಷ ಗ್ರಾಹಕರವರೆಗೆ ಹೋಗಿಬಿಡುತ್ತಿತ್ತು, ಅವರು ಯಾವ ಪ್ರಶ್ನೆ ಕೇಳಿದ್ದರಿಂದ ನಿಂತಿತು, ಅದನ್ನೇ ದಿನಾಂಕ ಹಾಕಿ ಬರೆಯಿರಿ. ಕೋಡ್ ಬರೆಯಲು ಕೂರುವ ಮೊದಲು ಹುಡುಗರು ಯಾರ ಮೇಜಿನ ಬಳಿ ಹೋಗಿ ನಿಲ್ಲುತ್ತಾರೆ ಎಂಬುದನ್ನೂ ನೋಡಿ.

ವಿಜಯನಗರದಿಂದ, ಎರಡು ವಾರದ ನಂತರ

ಎಲ್ಲರಿಗೂ ನಮಸ್ಕಾರ. ಮನೆಯ ಕಿರಾಣಿ ಲೆಕ್ಕವನ್ನೇ ನಗದು ಪುಸ್ತಕವಾಗಿಸಿ ಭಾನುವಾರ ಸ್ಕಾಲಾದಲ್ಲಿ ಬರೆದೆ, ‘ವಾರ್’ ಮುಟ್ಟದೆ. ಓಡಿಸುವ ಮೊದಲು 12 ಊಹೆ ಬರೆದಿಟ್ಟಿದ್ದೆ, 7 ತಪ್ಪು. ರಾಜಾಜಿನಗರದ ಮೇಡಂ ಹೇಳಿದ್ದು ನಿಜ, ಏಳರಲ್ಲಿ ಆರು ಒಂದೇ ಜಾತಿಯವು: ಪಟ್ಟಿಗೆ ಸೇರಿಸಿದರೆ ಹಳೆಯ ಪಟ್ಟಿಯೇ ಬದಲಾಗುತ್ತದೆ ಎಂದುಕೊಂಡಿದ್ದೆ. ಅದು ಹಾಗೇ ಇರುತ್ತದೆ, ಹೊಸದೊಂದು ಬರುತ್ತದೆ. ‘ಫ್ಲಾಟ್‌ಮ್ಯಾಪ್’ (ಹೊದಿಕೆಯೊಳಗಿನ ಹೊದಿಕೆಯನ್ನು ಬಿಚ್ಚಿ ಒಂದೇ ಮಾಡುವುದು) ಇನ್ನೂ ತಲೆಗೆ ಹತ್ತಿಲ್ಲ. ಪಕ್ಕದ ಹುಡುಗಿಯನ್ನು ನಾಚಿಕೆ ಬಿಟ್ಟು ಕೇಳಿದೆ. ‘ಸರ್, ನಿಮಗೆ ಇದು ಹೇಳಿಕೊಡುತ್ತೇನೆ, ರಾತ್ರಿಯ ಕೆಲಸ ಸಿಕ್ಕಿಹಾಕಿಕೊಂಡಾಗ ನೀವು ಥ್ರೆಡ್ ಡಂಪ್ (ಆ ಕ್ಷಣ ಪ್ರೋಗ್ರಾಂನಲ್ಲಿ ಏನೇನು ನಡೆಯುತ್ತಿದೆ ಎಂಬ ದಾಖಲೆ) ಓದಿ ಕಾರಣ ಹೇಗೆ ಹಿಡಿಯುತ್ತೀರೆಂದು ನನಗೆ ಹೇಳಿಕೊಡಿ’ ಎಂದಳು. ಅದು ಹೇಳಿಕೊಡುವಂಥ ವಿದ್ಯೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಗುರುವಾರ ಗುರುವಾರ ಊಟದ ನಂತರ ಕೂರುತ್ತಿದ್ದೇವೆ.

ಟೆಸ್ಟಿಂಗ್ ನೋಡಿಕೊಳ್ಳುವವರ ಮೌಲ್ಯಮಾಪನ ಬರೆದೆ. ‘ಶ್ರದ್ಧೆ’ ಎಲ್ಲಿಯೂ ಇಲ್ಲ. ಹಣ ಎರಡು ಬಾರಿ ಕಡಿತವಾಗುವ ಎರಡು ಸಂದರ್ಭಗಳನ್ನು ಬಿಡುಗಡೆಗೆ ಮುಂಚೆಯೇ ಹಿಡಿದರು ಎಂದು ದಿನಾಂಕ ಸಮೇತ ಬರೆದು, ಕಳಿಸುವ ಮೊದಲು ಅವರಿಗೇ ತೋರಿಸಿದೆ. ಓದಿ, ಕನ್ನಡಕ ಸರಿಪಡಿಸಿಕೊಂಡು, ‘ಎರಡಲ್ಲ ಸರ್, ಮೂರು. ಒಂದರ ದಿನಾಂಕವೂ ತಪ್ಪಾಗಿದೆ’ ಎಂದರು.