ಕಾಂಗ್ಸ್‌ಬರ್ಗ್ ಬೆಳ್ಳಿ ತಂತಿಯ ಬುಡ ಕಪ್ಪಗಿದೆ, ಹುಣಸೆಹಣ್ಣು ಹಾಕಿ ತೊಳೆಯಬಹುದಾ?

ಶುಭಾ, ಓಸ್ಲೋ:
ಎಲ್ಲರಿಗೂ ನಮಸ್ಕಾರ. ಹಳೆಯ ಸಂಗ್ರಹವೊಂದರಿಂದ ಇಲ್ಲಿ ನಾರ್ವೆಯ ಕಾಂಗ್ಸ್‌ಬರ್ಗ್ ಗಣಿಯ ಬೆಳ್ಳಿ ಕೊಂಡುಕೊಂಡೆ. ನಿಂಬೆಹಣ್ಣಿನ ಗಾತ್ರದ ಬಿಳಿ ಕ್ಯಾಲ್ಸೈಟ್ ಕಲ್ಲು, ಅದರೊಳಗಿಂದ ಸುರುಳಿಯಾಗಿ ಎದ್ದ ಬೆಳ್ಳಿ ತಂತಿ. ತುದಿ ಹೊಳೆಯುತ್ತದೆ, ಬುಡ ಕಪ್ಪು. ಅಮ್ಮ ಊರಿಂದ ಬಂದಿದ್ದಾರೆ. ಹುಣಸೆಹಣ್ಣು ಹಾಕಿ ತೊಳಿ, ಇಲ್ಲಾಂದ್ರೆ ವಿಭೂತಿಯಲ್ಲಿ ಉಜ್ಜು ಅಂತಾರೆ. ಮಾಡಬಹುದಾ? ತಂತಿ ಅಸಲಿಯೇ ಅಂತ ತಿಳಿಯೋದು ಹೇಗೆ?

ರಘು, ಫ್ರೈಬರ್ಗ್:
ಶುಭಾ ಅವರೇ, ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ಹುಳಿ ತಾಗಿದರೆ ಕ್ಯಾಲ್ಸೈಟ್ ಕರಗುತ್ತದೆ. ತಂತಿ ನಿಂತಿರುವುದೇ ಅದರ ಮೇಲೆ. ವಿಭೂತಿಯೂ ಬೇಡ. ಬೆಳ್ಳಿ ಮೆತ್ತಗಿನ ಲೋಹ, ತಂತಿಯ ಉದ್ದಕ್ಕೂ ಇರುವ ಸಣ್ಣ ಗೀರುಗಳು ಸವೆದುಹೋಗುತ್ತವೆ. ಅಂಥ ಗೀರು ನೋಡಲಿಕ್ಕೇ ನಾವು ಲೆನ್ಸ್ ಹಿಡಿಯೋದು ಅಲ್ವಾ?

ಬುಡದ ಕಪ್ಪು ಕೊಳೆಯೇ ಆಗಿರಬೇಕೆಂದಿಲ್ಲ. ಅಕಾಂಥೈಟ್ ಇರಬಹುದು, ಅಂದರೆ ಬೆಳ್ಳಿ, ಗಂಧಕ ಸೇರಿದ ಖನಿಜ. ತಂತಿ ಬೆಳ್ಳಿ ಎಷ್ಟೋ ಸಲ ಅದರಿಂದಲೇ ಹುಟ್ಟುತ್ತದೆ. ಗಂಧಕ ಬಿಟ್ಟುಹೋದ ಹಾಗೆ ಬೆಳ್ಳಿ ಬುಡದಿಂದ ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನಿಂದ ಕಪ್ಪು ತೆಗೆಯುವ ಉಪಾಯ ಪೂಜೆ ಬಟ್ಟಲಿಗೆ ಸರಿ, ಇದಕ್ಕಲ್ಲ. ಬಟ್ಟಲಿನ ಮೇಲಿನ ಕಪ್ಪೂ ಅಕಾಂಥೈಟೂ ಎರಡೂ ಬೆಳ್ಳಿ ಸಲ್ಫೈಡೇ. ಖನಿಜವೂ ಕೆಡುತ್ತದೆ.

ಅಸಲಿಯೇ ಅಂತ ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ (10ಎಕ್ಸ್) ಲೆನ್ಸ್‌ನಲ್ಲಿ ತಂತಿಯ ಬುಡ ನೋಡಿ. ಕಲ್ಲಿನೊಳಗಿಂದ ಬಂದಿರಬೇಕು, ಅಂಟಿನ ಗುರುತು ಇರಬಾರದು. ಅಕಾಂಥೈಟನ್ನು ಕಾಯಿಸಿ ಹೊಸ ತಂತಿ ಬೆಳೆಸಿ ಮಾರುವವರೂ ಇದ್ದಾರೆ. ಅದಕ್ಕೇ ನಾನು ಕಲ್ಲಿನ ಜೊತೆ ಬರುವ, ಅದು ಎಲ್ಲಿಯದು ಅಂತ ಬರೆದ ಹಳೇ ಚೀಟಿಗೆ ಜಾಸ್ತಿ ಬೆಲೆ ಕೊಡುತ್ತೇನೆ. ಕಾಂಗ್ಸ್‌ಬರ್ಗ್‌ನಲ್ಲಿ ಬೆಳ್ಳಿ ಸಿಕ್ಕಿದ್ದು 1623ರಲ್ಲಿ, ಗಣಿ ನಿಂತದ್ದು 1950ರ ದಶಕದ ಕೊನೆಗೆ. ಈಗ ಬರುವ ತುಣುಕೆಲ್ಲ ಬಹುಪಾಲು ಯಾರದೋ ಕಪಾಟಿನದು.

ವೀಣಾ, ಬರ್ಗೆನ್:
ಉಣ್ಣೆ ಬಟ್ಟೆಯಲ್ಲಿ ಸುತ್ತಬೇಡಿ, ರಬ್ಬರ್ ಬ್ಯಾಂಡೂ ಬೇಡ. ಎರಡರಲ್ಲೂ ಗಂಧಕ ಇದೆ, ಬೆಳ್ಳಿ ಬೇಗ ಕಪ್ಪಾಗುತ್ತದೆ. ಮುಂದೆ ಪ್ರೌಸ್ಟೈಟ್ ಎಂಬ ಬೆಳ್ಳಿಯ ಕೆಂಪು ಖನಿಜ ಕೊಂಡರೆ ಬೆಳಕಿಗೂ ಇಡಬೇಡಿ, ಆ ಮಾಣಿಕ್ಯದ ಕೆಂಪು ಮಂಕಾಗುತ್ತದೆ. ನನ್ನದು ಡ್ರಾಯರ್‌ನಲ್ಲೇ ಇದೆ. ನಿಮಗೆ ಕಾಂಗ್ಸ್‌ಬರ್ಗ್ ಹತ್ತಿರ, ಓಸ್ಲೋದಿಂದ ರೈಲಿದೆ. ಅಲ್ಲಿನ ಗಣಿ ಮ್ಯೂಸಿಯಂನ ತಂತಿಗಳ ಬುಡ ಹೇಗಿದೆ ಅಂತ ನೋಡಿ ಬನ್ನಿ.

ಶುಭಾ, ಓಸ್ಲೋ:
ಲೆನ್ಸ್ ಹಿಡಿದೆ, ಅಂಟು ಕಾಣಲಿಲ್ಲ. ಗೀರುಗಳಿವೆ! ಕಲ್ಲಿನ ಅಡಿಗೆ ಕೈಬರಹದ ಹಳದಿ ಚೀಟಿ ಅಂಟಿಸಿದ್ದಾರೆ, ಅಂಚು ಏಳುತ್ತಿದೆ. ಕಿತ್ತು ಬೇರೆ ಇಡಲಾ?

ರಘು, ಫ್ರೈಬರ್ಗ್:
ಬೇಡ. ಹಾಗೇ ಬಿಡಿ. ಇವತ್ತೇ ಫೋಟೋ ತೆಗೆದಿಡಿ, ಇಲ್ಲೂ ಹಾಕಿ, ಓದೋಣ.