ಗ್ರಾಂಪ್ಸ್‌ನಲ್ಲಿ ರಾಡ್ಜಿವಿಲ್ ವಂಶವೃಕ್ಷ: ಒಬ್ಬನಿಗೇ ಇಬ್ರು ಅಪ್ಪಂದಿರು ತೋರಿಸ್ತಿದೆ, ಹೆಲ್ಪ್ ಮಾಡಿ

ವಂಶಾವಳಿ_ಹುಚ್ಚ:
ಎಲ್ರಿಗೂ ನಮಸ್ಕಾರ. ಹಳೇ ಪೋಲೆಂಡ್-ಲಿಥುವೇನಿಯಾದ ರಾಡ್ಜಿವಿಲ್ ಮನೆತನದ ಟ್ರೀ ಮಾಡ್ತಿದೀನಿ, ನೆಟ್‌ನಲ್ಲಿ ಸಿಕ್ಕ ಜೆಡ್‌ಕಾಮ್ ಫೈಲ್ (ವಂಶವೃಕ್ಷದ ಡೇಟಾ ಇರೋ ಫೈಲ್) ಒಂದನ್ನ ಗ್ರಾಂಪ್ಸ್ ಅನ್ನೋ ವಂಶವೃಕ್ಷದ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡ್ದೆ, ಎರರ್ ಏನೂ ಬರ್ಲಿಲ್ಲ. ಆದ್ರೆ ಮಿಕೊಲಾಯ್ ರಾಡ್ಜಿವಿಲ್ ಅನ್ನೋನಿಗೆ ಅಪ್ಪಂದಿರು ಇಬ್ರು (ಯಾನ್, ಯೆಜಿ), ಹೆಂಡ್ತೀರೂ ಇಬ್ರು, ಸತ್ತಿದ್ದು 1565 ಅಂತಿದೆ, ಆದ್ರೆ 1579ರ ತನಕ ಲಿಥುವೇನಿಯಾದ ಚಾನ್ಸೆಲರ್ ಅಂತಾನೂ ಇದೆ! ಸತ್ತ ಮೇಲೂ ಡ್ಯೂಟಿ ಮಾಡಿದ್ನಾ ಪುಣ್ಯಾತ್ಮ? ಇನ್ನೊಂದು, ಅದೇ ಮನೆತನದ ಲುಡ್ವಿಕಾ ಕರೋಲಿನಾ ಅನ್ನೋಳ ಪೆಡಿಗ್ರೀ ಚಾರ್ಟ್ (ಪೂರ್ವಜರ ಚಾರ್ಟ್) ತೆಗೆದ್ರೆ ಕ್ಷಿಶ್ತೋಫ್ ಪಿಯೊರುನ್ ಎರಡು ಕಡೆ ಬರ್ತಾನೆ. ಇದೂ ಅದೇ ಪ್ರಾಬ್ಲಮ್ಮಾ?

ಹಳೇಕಡತ:
ಮೊದಲ್ನೇದು ಪಕ್ಕಾ ತಪ್ಪು ಮರ್ಜ್, ಫೈಲ್ ಮಾಡಿದೋರು ಇಬ್ರನ್ನ ಸೇರಿಸಿ ಒಬ್ಬನ್ನ ಮಾಡಿಟ್ಟಿದಾರೆ. ಯಾನ್, ಯೆಜಿ ಅಣ್ಣತಮ್ಮಂದಿರು, ಇಬ್ರೂ ಮಗನಿಗೆ ಮಿಕೊಲಾಯ್ ಅಂತಾನೇ ಹೆಸರಿಟ್ರು. ಯಾನ್ ಮಗ "ಕಪ್ಪು" ಮಿಕೊಲಾಯ್ (1515-1565), ಯೆಜಿ ಮಗ "ಕೆಂಪು" ಮಿಕೊಲಾಯ್ (1512-1584). ಇಬ್ರೂ ಚಾನ್ಸೆಲರ್ ಆದೋರೇ, ಇನ್ನು ಡೂಪ್ಲಿಕೇಟ್ ಅನ್ಕೊಂಡ್ರೆ ಆಶ್ಚರ್ಯ ಏನಿದೆ.

ಬ್ಯಾಕಪ್ ತಗೊಂಡು ಈಗಿರೋ ಎಂಟ್ರಿನ ಕಪ್ಪನಿಗೆ ಬಿಡಿ, ಕೆಂಪನಿಗೆ ಹೊಸ ಎಂಟ್ರಿ ಮಾಡಿ. ಯೆಜಿ ಫ್ಯಾಮಿಲಿ ಓಪನ್ ಮಾಡಿ ಮಕ್ಕಳ ಲಿಸ್ಟಿಂದ ಹಳೇ ಎಂಟ್ರಿ ತೆಗೆದು ಹೊಸಾದು ಸೇರಿಸಿ. ಆಮೇಲೆ ಕೆಂಪನ ಹೆಂಡ್ತಿ ಕತಾಜಿನಾ ತೋಮಿತ್ಸ್ಕಾ ಫ್ಯಾಮಿಲಿಲಿ ಗಂಡನ ಜಾಗಕ್ಕೂ ಹೊಸಬನ್ನೇ ಹಾಕಿ, ಮಗ ಪಿಯೊರುನ್ ತಾನಾಗೇ ಅವನ ಕಡೆ ಹೋಗ್ತಾನೆ. ಎಲ್ಜ್ಬಿಯೆತಾ ಶಿಡ್ಲೋವಿಯೆತ್ಸ್ಕಾ ಕಪ್ಪನ ಹೆಂಡ್ತಿ, ಶೆರೋತ್ಕಾ ಮತ್ತೆ ಕಾರ್ಡಿನಲ್ ಯೆಜಿ ಅವಳ ಮಕ್ಕಳು. (ಅಪ್ಪ ಕಾಲ್ವಿನ್ ಪಂಥದ ಪ್ರಾಟೆಸ್ಟೆಂಟು, ಸ್ವಂತ ದುಡ್ಡು ಹಾಕಿ 1563ರಲ್ಲಿ ಬ್ರೆಸ್ಟ್ ಬೈಬಲ್ ಅಚ್ಚು ಹಾಕಿಸ್ದ, ಮಗ ಹೋಗಿ ಕ್ಯಾಥೊಲಿಕ್ ಕಾರ್ಡಿನಲ್ ಆದ, ಮಜಾ ಇದೆ ಈ ಮನೆ!) ರಾಜ ಸಿಗಿಸ್ಮಂಡ್ ಆಗಸ್ಟಸ್ 1547ರಲ್ಲಿ ಗುಟ್ಟಾಗಿ ಮದ್ವೆಯಾದ ಬಾರ್ಬರಾ ಇದಾಳಲ್ಲ, ಅವಳು ಕೆಂಪನ ಒಡಹುಟ್ಟಿದೋಳು, ಕಪ್ಪನಿಗೆ ಚಿಕ್ಕಪ್ಪ-ದೊಡ್ಡಪ್ಪನ ಮಗಳು. ಅವಳು ಯೆಜಿ ಕೆಳಗೇ ಇದಾಳಾ ನೋಡ್ಕೊಳ್ಳಿ.

ಅದೇ 1547ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಪ್ರಿನ್ಸ್ ಪದವಿ ಕೊಟ್ಟಿದ್ದು ಇಬ್ರಿಗೂ, ಆ ಇವೆಂಟ್ ಡಿಲೀಟ್ ಮಾಡ್ಬೇಡಿ, ಶೇರ್ ಮಾಡಿ (ಅಂದ್ರೆ ಒಂದೇ ಇವೆಂಟ್‌ನ ಇಬ್ರಿಗೂ ಜೋಡಿಸಿ).

ಚಾರ್ಟ್_ಚಾಮಿ:
ಎರಡನೇದು ಬಗ್ ಅಲ್ಲ ಗುರು, ಮುಟ್ಬೇಡಿ. ಲುಡ್ವಿಕಾ ಅಪ್ಪ ಬೊಗುಸ್ಲಾವ್ 1665ರಲ್ಲಿ ಮದ್ವೆಯಾಗಿದ್ದು ಆನಾ ಮರಿಯಾನ. ಅವಳ ಅಪ್ಪ ಯಾರು? 1655ರಲ್ಲಿ ಸ್ವೀಡನ್ ಜೊತೆ ಕೆಡೈನಿಯಾಯ್ ಒಪ್ಪಂದ ಮಾಡ್ಕೊಂಡ ಯಾನುಶ್, ಬೊಗುಸ್ಲಾವ್‌ಗೆ ಸ್ವಂತ ದಾಯಾದಿ. ಇಬ್ರೂ ಪಿಯೊರುನ್ ಮೊಮ್ಮಕ್ಕಳೇ. ನಮ್ ಕಡೆ ಅಕ್ಕನ ಮಗಳನ್ನ ಮದ್ವೆಯಾಗೋದು ಇದೆ, ಆದ್ರೆ ಇದು ಅಪ್ಪನ ಕಡೆ ಅಣ್ಣನ ಮಗಳು, ವರಸೆಲಿ ಮಗಳೇ ಆಗ್ಬೇಕು! ಹಾಗಾಗಿ ಪಿಯೊರುನ್ ಲುಡ್ವಿಕಾಗೆ ಅಪ್ಪನ ಕಡೆಯಿಂದ ಮುತ್ತಜ್ಜ, ಅಮ್ಮನ ಕಡೆಯಿಂದ ಮುತ್ತಜ್ಜನ ಅಪ್ಪ. ಚಾರ್ಟಲ್ಲಿ ಒಂದು ತಲೆಮಾರು ಹಿಂದೆಮುಂದೆ ಬಂದಿದ್ರೆ ಸರಿಯಾಗೇ ಇದೆ.

ವಂಶಾವಳಿ_ಹುಚ್ಚ:
ಒಂದು ತಲೆಮಾರು ಆಚೆಈಚೆನೇ ಇದೆ ಸರ್. ಸ್ಪ್ಲಿಟ್ ಮಾಡ್ದೆ, ಬಾರ್ಬರಾನೂ ಸರಿ ಇದಾಳೆ. "ವಿಲ್ನಿಯಸ್ ವೊಯ್ವೋಡ್" (ಅಲ್ಲಿನ ಪ್ರಾಂತ್ಯಾಧಿಕಾರಿ) ಅಂತ ತಾರೀಖಿಲ್ಲದ ಇವೆಂಟ್ ಒಂದು ಉಳಿದಿದೆ, ಯಾರಿಗೆ ಹಾಕ್ಲಿ?

ಹಳೇಕಡತ:
ಇಬ್ರಿಗೂ, ಆದ್ರೆ ಇದನ್ನ ಶೇರ್ ಮಾಡ್ಬೇಡಿ, ಬೇರೆಬೇರೆ ಇವೆಂಟ್ ಮಾಡಿ. ಕಪ್ಪನಿಗೆ 1551-1565, ಕೆಂಪನಿಗೆ 1566-1584.